ಬಾರದ ಘಾಟು

ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದರೆ ನನಗೆ ಇವತ್ತಿಗೂ ಕೊಲಂಬೊದ ಸಮುದ್ರ ನೆನಪಾಗುತ್ತದೆ.

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನನಗೆ ಒಂಬತ್ತು, ತಂಗಿ ಪುಟ್ಟಿಗೆ ಎರಡೂವರೆ. ರೈಲು, ಹಡಗು ಹತ್ತಿ ಸಿಲೋನಿನಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದೆವು. ಊರು ನೋಡಲು ಹೊರಟ ದಿನ ಪುಟ್ಟಿಯನ್ನು ನನಗೆ ಅಂಟಿಸಿದರು. ಬಸ್ಸಿನಲ್ಲಿ ಅವಳು ಕಂಡದ್ದಕ್ಕೆಲ್ಲ "ಅದೇನು? ಅದೇನು?" ಎಂದು ಪ್ರಾಣ ತಿಂದಳು. ರೇಗಿಹೋಗಿ ಅವಳ ಕಿವಿಯಲ್ಲಿ ಹೇಳಿದೆ: "ಇಲ್ಲಿ ಕನ್ನಡ ಮಾತಾಡಿದ್ರೆ ಗುಮ್ಮ ಹಿಡ್ಕೊಂಡು ಹೋಗ್ತಾನೆ."

ಸಂಜೆ ಸಮುದ್ರದ ದಂಡೆಯಲ್ಲಿ ನಾನು ಅವಳ ಕೈ ಬಿಟ್ಟೆ. ಅಮ್ಮ ಅಲೆಗಳ ಕಡೆಗೇ ನೋಡುತ್ತ "ಪುಟ್ಟೀ" ಎಂದು ಗಂಟಲು ಹರಿಯುವಂತೆ ಕೂಗಿದಳು. ಮಾವ ಕಂಡುಹಿಡಿದಾಗ ಪುಟ್ಟಿ ಹತ್ತೇ ಹೆಜ್ಜೆ ದೂರದಲ್ಲಿ, ಒಂದು ದೋಣಿಯ ಮರೆಯಲ್ಲಿದ್ದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಬೆಂಗಳೂರಿಗೆ ಬಂದ ಮೇಲೂ ಅವಳು ಮಾತಾಡಲಿಲ್ಲ. "ಯಾರ ಕೆಟ್ಟ ಕಣ್ಣು ತಾಕ್ತೋ ಮಗೂಗೆ" ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ ಅವನ್ನು ಬಚ್ಚಲ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಬಂದರೆ ಕಾರಣ ಬೇರೆ. ನಶ್ಯ ಏರಿಸಿ ಏರಿಸಿ ಅಜ್ಜಿಯ ಮೂಗು ಸತ್ತುಹೋಗಿತ್ತು.

"ಘಾಟು ಬಂತೇನೇ?" ಎಂದು ನನ್ನನ್ನು ಕೇಳಿದಳು.

ಗಂಟಲು ಉರಿಯುತ್ತಿತ್ತು. ಉಸಿರು ಬಿಗಿಹಿಡಿದು "ಇಲ್ಲ ಅಜ್ಜಿ" ಎಂದೆ.

"ನೋಡ್ದ್ಯಾ, ನಾನು ಹೇಳ್ಲಿಲ್ವಾ!"

ಪಕ್ಕದ ಖಾಲಿ ಸೈಟಿಗೆ ಓಡಿದೆ. ಯಾರಿಗೂ ಕೇಳಿಸದ ಹಾಗೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದೆ.