ಮೋಡದ ಬೀಜ

ಕಂಪ್ಯೂಟರಿನ ಹಣೆಗೆ ವಿಭೂತಿ, ನೆತ್ತಿಗೆ ಚೆಂಡುಹೂವು; ಪರದೆ ಮಾತ್ರ ಕಪ್ಪು. ಶೈಲಜಾ ಅದರ ಬಳಿಗೆ ಧಾವಿಸಿದಳು. “ಅಪ್ಪಾ, ಇದನ್ನ ಯಾರು ಆರಿಸಿದ್ದು?”

“ನಾನೇ ಕಣವ್ವ,” ಎಂದರು ಶಿವಮೂರ್ತಪ್ಪ, ಆರತಿ ತಟ್ಟೆ ಹಿಡಿದೇ. “ಆಯುಧ ಪೂಜೆ ಅಂತ ಮಿಲ್ಲಿನ ಮಿಷನ್ನುಗಳಿಗೆಲ್ಲ ಬಿಡುವು ಕೊಟ್ಟೀನಿ. ನಿನ್ನ ಪೆಟ್ಟಿಗೆ ಒಂದೇ ಏನು ಪಾಪ ಮಾಡಿತ್ತು?”

ಚಳ್ಳಕೆರೆಯ ಕರೆಂಟನ್ನು ನಂಬದೆ, ಜನರೇಟರ್ ಇರುವ ಅಪ್ಪನ ಎಣ್ಣೆ ಮಿಲ್ಲಿನಲ್ಲಿ ಅವಳು ತನ್ನ ಸಂಶೋಧನೆಯ ಲೆಕ್ಕಕ್ಕೆ ಕೈ ಹಚ್ಚಿದ್ದಳು. ಗಾಳಿಯಲ್ಲಿ ಒಂದು ಆಮ್ಲದ ಅಣು ನೀರಿನ ಅಣುಗಳನ್ನು ಸುತ್ತ ಕೂಡಿಸಿಕೊಂಡು ಮೋಡದ ಬೀಜವಾಗುವ ಪರಿಯನ್ನು ಯಂತ್ರ ತಿಂಗಳಿಂದ ಹಗಲಿರುಳು ಲೆಕ್ಕ ಹಾಕುತ್ತಿತ್ತು. ಗೈಡು ಕೊಟ್ಟ ಗಡುವು ಈ ವಾರಕ್ಕೇ ಮುಗಿಯುತ್ತಿತ್ತು. ಲೆಕ್ಕ ಹೋದರೆ ಪಿಎಚ್.ಡಿ.ಯೂ ಹೋದಂತೆಯೇ. ಲೆಕ್ಕವನ್ನು ನಡುನಡುವೆ ಉಳಿಸಿಡುವಂತೆ ಯಂತ್ರಕ್ಕೆ ಹೇಳಿದ್ದೆನೋ ಇಲ್ಲವೋ, ಎಷ್ಟು ತಡಕಿದರೂ ನೆನಪಾಗಲಿಲ್ಲ. ಗುಂಡಿ ಒತ್ತಿ, “ಶಿವನೇ” ಎಂದು ಕಣ್ಣು ಮುಚ್ಚಿದಳು.

ಮಗಳ ಮುಖ ಕಂಡು ಅಪ್ಪ ತಟ್ಟೆ ಕೆಳಗಿಟ್ಟರು. “ಏನಾತವ್ವ? ನನ್ನಿಂದ ನಿನ್ನ ಮೋಡ ಚದುರಿ ಹೋತೇನು?”

ಯಂತ್ರ ಎಚ್ಚರಗೊಂಡಿತು. ಶೈಲಜಾ ಕಡತ ತೆರೆದಳು. ನಿನ್ನೆ ಯಂತ್ರ ತಾನೇ ಉಳಿಸಿಟ್ಟಿದ್ದ ಚಿತ್ರ ಮೆಲ್ಲಗೆ ಮೂಡಿತು: ನಡುವೆ ಆಮ್ಲ, ಸುತ್ತ ನೀರು. “ಇಲ್ಲಪ್ಪ,” ಎಂದಳು. “ನೀರಿನ ಒಂದು ಅಣುವೂ ಕೈ ಬಿಟ್ಟಿಲ್ಲ.”