ಎಲ್ಲಿಗೆಂದು ಕೇಳಬಾರದು

ಬೆಳಿಗ್ಗೆ ಹಿಟ್ಟಿನ ಗಿರಣಿಯೂ ಎದ್ದು ಹೋಯಿತು. ಮೊದಲು ಗೋಡೆಗಳು ಕಾಲೂರಿ ಎದ್ದು ನಿಂತವು. ಆಮೇಲೆ ಅದು ಈ ಮೊದಲೇ ಎದ್ದ ಅಂಗಡಿಗಳು ಹೋದ ದಾರಿಯಲ್ಲೇ ತಾಲೂಕಿನ ಗಡಿಯತ್ತ ನಡೆಯಿತು. ಹೊರಟವರನ್ನು 'ಎಲ್ಲಿಗೆ?' ಎಂದು ಕೇಳುವುದು ಅಪಶಕುನ. ಹಾಗಾಗಿ ಊರಲ್ಲಿ ಯಾರೂ ಯಾವ ಅಂಗಡಿಯನ್ನೂ ಕೇಳಿರಲಿಲ್ಲ.

ತೆರಿಗೆ ಸಾಹೇಬ ಅಡಿವೆಪ್ಪ ನಿಂಬೆವ್ವನ ಖಾನಾವಳಿಯ ಬಾಗಿಲಿಗೆ ಹೊಸ ನೋಟಿಸು ಅಂಟಿಸಿದ. ಹೋದವರ ತೆರಿಗೆಯನ್ನೂ ಉಳಿದವರೇ ಕಟ್ಟಬೇಕಿತ್ತು.

"ಉಳಿದಾಕಿ ನಾ ಒಬ್ಬಾಕಿನ ಅಲ್ಲೇನ್ರಿ ಸಾಹೇಬ್ರ?" ಎಂದಳು ನಿಂಬೆವ್ವ, ರೊಟ್ಟಿ ಬಡಿಯುತ್ತ.

"ನಾ ಏನ್ ಮಾಡ್ಲಿ ಅವ್ವಾ? ಮ್ಯಾಲಿನವರ ಹುಕುಂ. ಇನ್ನ ಒಲಿ ಹೊಗಿಗೂ ಪರವಾನಗಿ ಬೇಕಂತ."

 ದಿನಾ ಒಳಗೆ ಉಣ್ಣುತ್ತಿದ್ದವನನ್ನು ಇವತ್ತು ಅವಳು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ ಹಾಕಿದ ತಾಟು ಕೈಗಿಟ್ಟು ಒಳಹೋದಳು.

ಎರಡನೆಯ ತುತ್ತಿಗೆ ನೆಲ ನಡುಗಿತು. ತಿರುಗಿ ನೋಡಿದರೆ ಖಾನಾವಳಿ ಎದ್ದು ನಿಂತಿತ್ತು. ಕಿಟಕಿಯಲ್ಲಿ ನಿಂಬೆವ್ವ.

"ಎಲ್ಲಿಗೆ?" ಅಡಿವೆಪ್ಪನ ಬಾಯಿಂದ ಬಂದೇಬಿಟ್ಟಿತು.

"ಹೊಂಟಾಗ ಕೇಳಬಾರದ್ರಿ ಸಾಹೇಬ್ರ. ಕೇಳೂದಿದ್ರ ಇದ್ದಾಗ ಕೇಳಬೇಕಿತ್ತು, ಹೆಂಗ ನಡದೈತಿ ಅಂತ."

ಅವನ ಕೈಯಲ್ಲಿನ ರೊಟ್ಟಿ ಆರುವಷ್ಟರಲ್ಲಿ ಅವಳ ಒಲೆಯ ಹೊಗೆ ಗಡಿ ದಾಟಿತ್ತು.