ಕೋಚ್ ಚುಚ್ಚಿದ ಸೂಜಿ

ಪಂದ್ಯಕ್ಕೆ ಮುಂಚೆ ಮಂಡಿ ನೋವೆಂದಾಗಲೆಲ್ಲ ಫುಟ್‌ಬಾಲ್ ಕೋಚ್ ಬೆಳ್ಯಪ್ಪ ಸಿರಿಲ್‌ಗೆ ಒಂದು ಸೂಜಿ ಚುಚ್ಚುತ್ತಿದ್ದರು. ನೋವು ಮಾಯವಾಗುತ್ತಿತ್ತು, ಸಿರಿಲ್ ಚಿಗರೆಯಂತೆ ಓಡಿ ಗೋಲು ಹೊಡೆಯುತ್ತಿದ್ದ. ಕ್ಲಬ್ಬು ಕೈಬಿಟ್ಟ ಮೇಲೆ ಆ ಸೂಜಿ ಸಿಗಲಿಲ್ಲ. ಅದರ ಸುಖವನ್ನೇ ಹುಡುಕುತ್ತ ಮೊದಲು ಮಾತ್ರೆಗೆ, ಆಮೇಲೆ ಕಂಡಕಂಡ ಇಂಜೆಕ್ಷನ್ನಿಗೆ ಬಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ವ್ಯಸನಮುಕ್ತಿ ಕೇಂದ್ರದಲ್ಲಿ ಅವನು ಹಲ್ಲು ಕಚ್ಚಿ ಚೇತರಿಸಿಕೊಂಡದ್ದು ಒಂದೇ ಹಟದಿಂದ: ಈ ಚಟ ಹತ್ತಿಸಿದವನಿಗೂ ಅದರ ರುಚಿ ತೋರಿಸಬೇಕು.

ಅವನು ಹೋದಾಗ ಬೆಳ್ಯಪ್ಪ ಮನೆಯಲ್ಲಿ ಒಬ್ಬರೇ ಇದ್ದರು. ಊರುಗೋಲು ಪಕ್ಕಕ್ಕಿಟ್ಟು ಮಂಡಿ ನೀವಿಕೊಳ್ಳುತ್ತಿದ್ದರು. ಸಿರಿಲ್ ಬಾಗಿಲು ಹಾಕಿ, ಜೇಬಿನಿಂದ ತುಂಬಿದ ಸಿರಿಂಜು ತೆಗೆದ.

"ಮಂಡಿ ನೋವಾ ಸರ್? ಒಂದು ಚುಚ್ಚಿದ್ರೆ ಸರಿಹೋಗುತ್ತೆ ಅಂತ ನೀವೇ ಹೇಳ್ತಿದ್ರಲ್ಲ."

"ಏನೋ ಇದು, ಸಿರಿಲ್?"

"ನೀವು ಕೊಡ್ತಿದ್ದ ಮದ್ದೇ. ಇದರಿಂದ ಮನೆ ಕಳ್ಕೊಂಡೆ, ಮಗಳನ್ನ ಕಳ್ಕೊಂಡೆ. ತೋಳು ಚಾಚಿ."

ಬೆಳ್ಯಪ್ಪ ಅವನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂಗಿಯ ತೋಳು ಮಡಚಿ, ಕೈ ಮುಂದೆ ನೀಡಿದರು.

"ಚುಚ್ಚು. ಆದ್ರೆ ನಾನು ಕೊಟ್ಟಿದ್ದು ಇದಲ್ಲ ಕಣೋ. ಮದ್ದು ಕೊಡೋಕೆ ನನಗೆ ಧೈರ್ಯ ಬರಲಿಲ್ಲ, ಬರೀ ನೀರು ಚುಚ್ತಿದ್ದೆ. ಓಡ್ತಿದ್ದವನು ನೀನೇ."